ಊರಿಗೆಲ್ಲ ಊಟ ಹೇಳಿಕೊಟ್ಟ ಪಾಡು

ಆರೋಗ್ಯ ಇಲಾಖೆಯ ಕೆಲಸ ನನ್ನದು. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹದಿನೆಂಟು ವರ್ಷದಿಂದ ಮನೆಮನೆಗೆ ಹೇಳುತ್ತ ತಿರುಗುತ್ತಿದ್ದೇನೆ. ಚಪ್ಪಲಿ ಸವೆದದ್ದು ನಿಜ. ಉಳಿದದ್ದನ್ನು ನೀವೇ ನೋಡಿ.

ಬಿಟ್ಟ ಅನ್ನ

ಅಮದಳ್ಳಿಯಲ್ಲಿ ದೋಣಿಗೆ ಹೋಗುವ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಸದ್ಯ ಅನ್ನ ತಿನ್ನಬೇಡಿ, ಮೀನು, ಬೇಳೆ, ಸೊಪ್ಪು ಜಾಸ್ತಿ ಮಾಡಿ ಎಂದಿದ್ದೆ. ಮರುತಿಂಗಳು ನೋಡಿದರೆ ಸಕ್ಕರೆ ಇನ್ನೂ ಏರಿದೆ.

"ಅನ್ನ ಬಿಡಲಿಲ್ವಾ?"

"ದೇವರಾಣೆ ಬಿಟ್ಟೆ ಅಕ್ಕೋರೆ. ಈಗ ಮೂರು ಹೊತ್ತೂ ಗಂಜಿ."

ಗಂಜಿಯೂ ಅದೇ ಅಕ್ಕಿಯದಲ್ಲವೇ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಬಂತು.

"ನೀವು ತಿನ್ನಬೇಡಿ ಅಂದ್ರಿ. ಇದು ಕುಡಿಯುದಲ್ರಾ?"

ಅಬ್ಬಲಿಗೆ ಗಿಡ

ಕದ್ವಾಡದ ಒಂದು ಮನೆಯಲ್ಲಿ ಬಸುರಿ ಸೊಸೆಗೆ ರಕ್ತ ಕಡಿಮೆ. ಎರಡು ತಿಂಗಳು ಕಬ್ಬಿಣದ ಮಾತ್ರೆ ಕೊಟ್ಟರೂ ಮುಖ ಬಿಳಿಚಿಕೊಂಡೇ ಇತ್ತು. ನನಗೆ ಹೆದರಿಕೆಯಾಯಿತು. ಗದರಿಸಿ ಕೇಳಿದಾಗ ಅತ್ತೆ ಬಾಯಿಬಿಟ್ಟರು.

"ಅವಳಿಗೆ ವಾಂತಿ ಬರ್ತದೆ. ಸರಕಾರದ ಮಾತ್ರೆ ಬಿಸಾಡುಕಾಗ್ತದಾ? ಅಬ್ಬಲಿಗೆ ಬುಡಕ್ಕೆ ಹಾಕ್ದೆ."

ಖಾಲಿ ಹೊಟ್ಟೆಯಲ್ಲಿ ಬೇಡ, ಚಾ ಜೊತೆ ಬೇಡ, ಊಟವಾದ ಮೇಲೆ ಎಂದು ಹೇಳಿ, ಎದುರಿಗೇ ಕೂತು ಸೊಸೆಗೆ ನುಂಗಿಸಿದೆ. ಅವತ್ತು ವಾಂತಿಯಾಗಲಿಲ್ಲ. ಅತ್ತೆಗೂ ಸಮಾಧಾನವಾಯಿತು. ಹೊರಡುವಾಗ ಮೆಲ್ಲಗೆ ಹತ್ತಿರ ಬಂದರು.

"ಗಿಡಕ್ಕೆ ಬೇರೆ ಚೀಟಿ ಬರೆದು ಕೊಡ್ತ್ರಾ?"

ಬಾಳೆಗುಳಿಯ ಭಾಷಣ

ಅಂಕೋಲೆಯ ಸಿಸ್ಟರ್ ರಜೆಯಲ್ಲಿದ್ದರು. ಬಾಳೆಗುಳಿಯಲ್ಲಿ ಮೀನು ಮಾರುವ ಹೆಂಗಸರಿಗೆ ಪೌಷ್ಟಿಕ ಆಹಾರದ ಬಗ್ಗೆ ಹೇಳಲು ಇಲಾಖೆಯವರು ನನ್ನನ್ನು ಕಳಿಸಿದರು. ಬೆಳಗಿನ ಬಸ್ಸು ತಪ್ಪಬಾರದೆಂದು ತಿಂಡಿ ಬಿಟ್ಟು ಓಡಿದ್ದೆ. ಸಭೆ ಶುರುವಾದಾಗ ಗಂಟೆ ಹನ್ನೆರಡು. ಅರ್ಧ ಜನ ತೂಕಡಿಸುತ್ತಿದ್ದರು.

"ಬೆಳಗಿನ ತಿಂಡಿ ಯಾವ ಕಾರಣಕ್ಕೂ ಬಿಡಬಾರದು" ಎಂದದ್ದಷ್ಟೇ ನೆನಪು. ಕಣ್ಣು ಕತ್ತಲೆಯಾಗಿ ಅಲ್ಲೇ ಕುಸಿದೆ.

ಎಚ್ಚರವಾದಾಗ ಮುಖಕ್ಕೆಲ್ಲ ನೀರು. ಎಲ್ಲರಿಗಿಂತ ಹಿರಿಯ ಹೆಂಗಸು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

"ಬೆಳಿಗ್ಗೆ ಎಂತ ತಿಂದ್ರಿ?"

"ಚಾ."

"ಮತ್ತೆ?"

"ಬಸ್‌ಸ್ಟ್ಯಾಂಡಲ್ಲಿ ಇನ್ನರ್ಧ ಚಾ."

ಅವರು ತಮ್ಮ ಡಬ್ಬಿ ತೆಗೆದು, ಇಡ್ಲಿ ಮುರಿದು ನನ್ನ ಬಾಯಿಗಿಟ್ಟರು. ನಾಚಿಕೆಯಿಂದ ಸತ್ತೇ ಹೋಗುವ ಹಾಗಾಯಿತು. ಆದರೂ ಎರಡು ಇಡ್ಲಿ ತಿಂದೆ. ಅವರು ಸಭೆಯ ಕಡೆ ತಿರುಗಿದರು.

"ಕಂಡ್ರಾ? ತಿಂಡಿ ಬಿಟ್ರೆ ಹಿಂಗೇ ಆಗುದು!"

ಈಗ ಒಬ್ಬರೂ ತೂಕಡಿಸುತ್ತಿರಲಿಲ್ಲ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಹದಿನೆಂಟು ವರ್ಷದಲ್ಲಿ ನನ್ನ ಪಾಠ ಇಷ್ಟು ಚೆನ್ನಾಗಿ ಯಾರಿಗೂ ತಲುಪಿರಲಿಲ್ಲ.

ಬಸ್ಸು ಹತ್ತಿಸುವಾಗ ಆ ಹಿರಿಯಾಕೆ ನನ್ನ ಕೈ ಹಿಡಿದುಕೊಂಡರು.

"ಮುಂದಿನ ತಿಂಗಳೂ ಬಂದು ಒಂದ್ಸಲ ಬೀಳಿ ಅಕ್ಕೋರೆ. ನನ್ನ ಸೊಸೆ ಇವತ್ತು ಬರಲಿಲ್ಲ."