ಮಂತ್ರಿಗಳು ಹೌದು ಅಂದ ದಿನ

ಕೆಟ್ಟ ಸುದ್ದಿಗೆ ನಾನು ಬೆಚ್ಚಿಬೀಳುವವನಲ್ಲ. ಅದು ಬಂದೇ ಬರುತ್ತದೆಂದು ಬೆಳಗಾಗೆದ್ದು ಕಾಯುತ್ತ ಕೂಡುವವರ ಪೈಕಿ ನಾನು. ನಲ್ಲಿಯಲ್ಲಿ ನೀರಿಲ್ಲ, ರಜೆ ಸಿಕ್ಕಿಲ್ಲ, ವರ್ಗವಾಗಿದೆ ಎಂದು ಯಾರಾದರೂ ಹೇಳಿದರೆ, ‘ನನಗೆ ಗೊತ್ತಿತ್ತು’ ಎಂದು ಚಹಾ ಕುಡಿಯುವುದನ್ನು ಮುಂದುವರಿಸುತ್ತೇನೆ. ನನ್ನ ಕೈಕಾಲು ತಣ್ಣಗಾಗುವುದು ಒಳ್ಳೆಯ ಸುದ್ದಿ ಹೇಳದೆ ಕೇಳದೆ ಒಳಗೆ ನುಗ್ಗಿದಾಗ. ಅದಕ್ಕೆ ಏನು ಉತ್ತರ ಕೊಡಬೇಕು ಎಂಬುದನ್ನು ನಾನು ಕಲಿತೇ ಇಲ್ಲ. ಬ್ಯಾಂಕಿನ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ‘ನೋಡೋಣ’ ಎನ್ನುತ್ತ ತಲೆ ನೆರೆಸಿಕೊಂಡವನು ನಾನು. ಹೌದು ಅಂದರೆ ಮೇಲಿನವರು ಕೇಳುತ್ತಾರೆ, ಇಲ್ಲ ಅಂದರೆ ಎದುರಿಗಿದ್ದವರು ಕೇಳುತ್ತಾರೆ. ‘ನೋಡೋಣ’ ಅಂದರೆ ಯಾರೂ ಏನೂ ಕೇಳುವುದಿಲ್ಲ. ಈ ಒಂದು ಪದದಿಂದ ನನ್ನ ನೌಕರಿ ಉಳಿದಿದೆ, ಸಂಸಾರವೂ ಸುಮಾರಾಗಿ ನಡೆದಿದೆ ಎಂದು ನಾನು ನಂಬಿದ್ದೆ. ಅದೇ ಪದ ಆಂಧ್ರದ ವಿಧಾನಸಭೆಯವರೆಗೂ ಹೋಗಿ ಅನಾಹುತ ಮಾಡಿ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಆಗ ನನಗೆ ಗದಗಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು. ಮಗಳು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ನಾನು ಮತ್ತು ಹೆಂಡತಿ ಗಿರಿಜಾ ಪೆಂಡುರ್ತಿಯಲ್ಲಿ ಒಂದು ಮಹಡಿ ಮನೆ ಹಿಡಿದೆವು. ಕೆಳಗೆ ಮನೆ ಮಾಲೀಕರಾದ ಸತ್ಯಂ ಗಾರು. ಅವರು ಶಾಸಕರು. ಕ್ಷೇತ್ರ ಎಲ್ಲೋ ಒಳಗೆ ಗುಡ್ಡದ ಕಡೆ, ಮನೆ ಮಾತ್ರ ಇಲ್ಲಿ. ಶಾಸಕರೆಂದರೆ ಬಿಳಿ ಗಾಡಿ, ಗದ್ದಲ, ಹಾರ ಎಂದೆಲ್ಲ ಕಲ್ಪಿಸಿಕೊಂಡು ಹೆದರಿದ್ದ ನನಗೆ, ಲುಂಗಿ ಉಟ್ಟು ತುಳಸಿಗೆ ನೀರು ಹಾಕುತ್ತಿದ್ದ ಈ ಮನುಷ್ಯನನ್ನು ನೋಡಿ ನಿರಾಸೆಯೇ ಆಯಿತು. ಮೊದಲ ಸಲ ಗೆದ್ದವರು. ಹಿಂದಿನ ಅಧಿವೇಶನದಲ್ಲಿ ಒಂದು ರಸ್ತೆಯ ಬಗ್ಗೆ ಪ್ರಶ್ನೆ ಕೇಳಿದ್ದರು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದು ಮಂತ್ರಿಗಳು ಹೇಳಿದರು. ಸತ್ಯಂ ಗಾರು ಸಭ್ಯ ಮನುಷ್ಯ, ‘ಧನ್ಯವಾದಾಲು ಅಧ್ಯಕ್ಷಾ’ ಎಂದು ಕೂತುಬಿಟ್ಟರು. ಇದನ್ನು ಟೀವಿಯಲ್ಲಿ ನೋಡಿದ ಊರವರು, ಅವರ ಗಾಡಿ ಆ ಹಾಳು ರಸ್ತೆಯಲ್ಲಿ ಕುಪ್ಪಳಿಸುತ್ತ ಬಂದಾಗಲೆಲ್ಲ ಪಕ್ಕದಲ್ಲಿ ಸಾಲಾಗಿ ನಿಂತು ಕೈಮುಗಿದು ‘ಧನ್ಯವಾದಾಲು’ ಎನ್ನುತ್ತಿದ್ದರಂತೆ. ಇನ್ನು ಈ ಜನ್ಮದಲ್ಲಿ ಯಾವ ಮಂತ್ರಿಗೂ ಧನ್ಯವಾದ ಹೇಳುವುದಿಲ್ಲ ಎಂದು ಅವರು ಸಿಂಹಾಚಲಂ ಬೆಟ್ಟ ಹತ್ತಿ ದೇವರ ಮುಂದೆ ಆಣೆ ಮಾಡಿ ಬಂದಿದ್ದರು.

ಈ ಕಡೆ ಗಿರಿಜಾಳ ಕಥೆ ಬೇರೆ. ಅವಳಿಗೆ ತೆಲುಗು ಹತ್ತಲಿಲ್ಲ. ತರಕಾರಿಯವನ ಜೊತೆ, ಪಕ್ಕದ ಮನೆಯವರ ಜೊತೆ ನಾಲ್ಕು ಮಾತು ಆಡಲಾಗದೆ ದಿನವಿಡೀ ಮಹಡಿಯ ಮೇಲೆ ಒಬ್ಬಳೇ ಬಾಡಿಹೋಗಿದ್ದಳು. ನಮ್ಮ ಬೀದಿಯ ಕೊನೆಗೆ ಒಂದು ತಗಡಿನ ಶೆಡ್ಡಿನಲ್ಲಿ ರತ್ನಂ ಟೀಚರ್ ಎಂಬುವವರು ಕಿವಿ ಕೇಳದ ಮಕ್ಕಳಿಗೊಂದು ಶಾಲೆ ನಡೆಸುತ್ತಿದ್ದರು. ಸ್ವಯಂಸೇವಾ ಸಂಸ್ಥೆ ಎಂದು ಬೋರ್ಡು, ಸೇವೆಗೆ ಇದ್ದವರು ಅವರೊಬ್ಬರೇ. ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ ಗಿರಿಜಾ ಮರುದಿನ ಒಳಗೇ ಹೋದಳು. ಅಲ್ಲಿ ಎಲ್ಲರೂ ಕೈಯಿಂದ ಮಾತಾಡುತ್ತಿದ್ದರು. ಕೈಗೆ ಕನ್ನಡ ತೆಲುಗು ಎಂಬುದಿಲ್ಲ. ಸ್ವಲ್ಪ ದಿನಗಳಲ್ಲೇ ನನ್ನ ಹೆಂಡತಿ ಅಲ್ಲಿನ ಮಕ್ಕಳ ಜೊತೆ ಜಗಳವಾಡುವಷ್ಟು ಭಾಷೆ ಕಲಿತಳು, ಮನೆಗೆ ಬಂದು ನನಗೂ ಎರಡೂ ಕೈಯಲ್ಲಿ ಬೈಯತೊಡಗಿದಳು. ನನಗೆ ಅರ್ಥವಾಗದಿದ್ದರೂ ಅವಳ ಮುಖ ಅರಳಿದ್ದು ಕಂಡು ಸಂತೋಷವಾಗುತ್ತಿತ್ತು.

ಅಷ್ಟರಲ್ಲಿ ಶೆಡ್ಡಿನ ಮಾಲೀಕ ಜಾಗ ಮಾರುತ್ತೇನೆ, ಬೇಸಿಗೆಯೊಳಗೆ ಖಾಲಿ ಮಾಡಿ ಎಂದ. ಅಲ್ಲೇ ಹತ್ತಿರದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ಹಾಸ್ಟೆಲೊಂದು ಬೀಗ ಜಡಿದುಕೊಂಡು ನಿಂತಿತ್ತು. ಅದನ್ನು ಶಾಲೆಗೆ ಕೊಡಿಸಿ ಎಂದು ಗಿರಿಜಾ ಮತ್ತು ರತ್ನಂ ಟೀಚರ್ ಸತ್ಯಂ ಗಾರು ಅವರ ಮುಂದೆ ನಿಂತರು. ಅವರು ಆವೇಶದಿಂದ ಒಪ್ಪಿದರು. ಖಾಲಿ ಬಿದ್ದ ಸರಕಾರಿ ಕಟ್ಟಡಗಳನ್ನು ಸೇವಾ ಸಂಸ್ಥೆಗಳಿಗೆ ಕೊಡುವ ಬಗ್ಗೆ ಸರಕಾರದ ನೀತಿ ಏನು, ಈ ಹಾಸ್ಟೆಲನ್ನು ಈ ಮಕ್ಕಳಿಗೆ ಕೊಡುತ್ತೀರೋ ಇಲ್ಲವೋ ಎಂದು ಸದನದಲ್ಲಿ ಪ್ರಶ್ನೆ ಹಾಕಿದರು. ಹಾಕಿದ ಮೇಲೆ ಹೆದರಿಕೆ ಶುರುವಾಯಿತು. ಒಂದು ಸಂಜೆ ಮಹಡಿ ಹತ್ತಿ ಬಂದು, ‘ಏಮಂಡಿ ಮ್ಯಾನೇಜರು ಗಾರು, ನಾನು ಪ್ರಶ್ನೆ ಕೇಳ್ತೀನಿ, ನೀವು ಮಂತ್ರಿ ಥರ ಉತ್ತರ ಕೊಡಿ. ನನಗೆ ಅಭ್ಯಾಸ ಆಗಬೇಕು. ಸಾಲಕ್ಕೆ ಬಂದ ನನಗೆ ನೀವು ಬ್ಯಾಂಕಲ್ಲಿ ಒಂದು ಸಲ ಕೊಟ್ಟ ಉತ್ತರ ನೆನಪಿದೆ. ನಿಮ್ಮನ್ನ ಬಿಟ್ಟರೆ ಇದಕ್ಕೆ ಬೇರೆ ಜನ ಇಲ್ಲ’ ಎಂದರು. ಹೊಗಳಿದರೋ ತೆಗಳಿದರೋ ತಿಳಿಯದೆ ಒಪ್ಪಿಕೊಂಡೆ.

ಹೀಗೆ ನಾನು ಮಂತ್ರಿಯಾದೆ. ಹೀರೆಕಾಯಿ ಕೊಳ್ಳುವುದಕ್ಕೆ ಸಾಲದ ನನ್ನ ತೆಲುಗು ಮಂತ್ರಿಯಾಗುವುದಕ್ಕೆ ಧಾರಾಳವಾಗಿ ಸಾಕಾಯಿತು. ಸರಕಾರದ ಮಾತು ಎರಡೂ ಕಡೆ ಒಂದೇ. ಪರಿಶೀಲನೆ, ಸಮಗ್ರ ನೀತಿ, ತಾತ್ವಿಕ ಒಪ್ಪಿಗೆ, ಎಲ್ಲವೂ ನಮ್ಮಲ್ಲಿರುವಂಥವೇ, ಬಾಲ ಸ್ವಲ್ಪ ತಿರುಚಿದರಾಯಿತು. ದಿನಾ ಸಂಜೆ ವರಾಂಡದಲ್ಲಿ ಸದನ ಸೇರುತ್ತಿತ್ತು. ಗಿರಿಜಾ ಸಭಾಧ್ಯಕ್ಷೆ, ಕೈಯಲ್ಲಿ ಸ್ಟೀಲಿನ ಲೋಟ ಮತ್ತು ಚಮಚ. ಸತ್ಯಂ ಗಾರು ಅಲ್ಲಿನ ರೂಢಿಯಂತೆ ಪ್ರತಿ ವಾಕ್ಯಕ್ಕೂ ‘ಅಧ್ಯಕ್ಷಾ’ ಎನ್ನುತ್ತ ಎದ್ದು ನಿಲ್ಲುತ್ತಿದ್ದರು. ‘ಹಾಸ್ಟೆಲು ಕೊಡ್ತೀರಾ ಇಲ್ಲವಾ ಅಧ್ಯಕ್ಷಾ?’ ‘ಪರಿಶೀಲನಲೋ ಉಂದಿ ಅಧ್ಯಕ್ಷಾ,’ ಎನ್ನುತ್ತಿದ್ದೆ ನಾನು. ‘ಎಷ್ಟು ದಿನದಿಂದ ಪರಿಶೀಲನೆ ಅಧ್ಯಕ್ಷಾ?’ ‘ಅದನ್ನೂ ಪರಿಶೀಲಿಸುತ್ತೇವೆ ಅಧ್ಯಕ್ಷಾ.’ ಅವರು ಸಿಟ್ಟಿನಿಂದ ಕೆಂಪಾಗಿ, ‘ಇದು ಉತ್ತರವೇ ಅಲ್ಲ! ಈ ಉತ್ತರವನ್ನು ನಾನು ಒಪ್ಪೋದಿಲ್ಲ! ಮಾತು ಬಾರದ ಮಕ್ಕಳ ಮುಂದೆ ಮಾತಿನ ಆಟ ಆಡಬೇಡಿ!’ ಎಂದು ಗುಡುಗುತ್ತಿದ್ದರು. ತಡೆಯಲಾಗದೆ ಗಿರಿಜಾ ಲೋಟ ಬಾರಿಸುವುದನ್ನು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದಳು. ನಾನು ಕಲಿಸಿದ್ದು ಅವರಿಗೆ ಎಷ್ಟು ರಕ್ತಗತವಾಯಿತೆಂದರೆ, ಕೊನೆಕೊನೆಗೆ ನಾನು ಬಾಯಿ ತೆರೆಯುವ ಮೊದಲೇ ಗುಡುಗು ಶುರುವಾಗುತ್ತಿತ್ತು. ನನಗೂ ಹೆಮ್ಮೆ. ಇಷ್ಟು ವರ್ಷ ಪುಕ್ಕಟೆ ಹಂಚಿದ ವಿದ್ಯೆಗೆ ಈಗ ಒಬ್ಬ ಶಿಷ್ಯ ಸಿಕ್ಕಿದ್ದ.

ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಗೊತ್ತಿತ್ತು, ಚಹಾ ಕುಡಿದೆ. ಗಿರಿಜಾ ಮಾತ್ರ ಸಾಮಾನು ಕಟ್ಟುತ್ತ ಕೂತವಳು ಕೇಳಿದಳು: ‘ಅಲ್ರೀ, ಶಾಲಿದು ಒಂದು ಹಾದಿಗೆ ಹತ್ತೂಮಟ ನಾ ಇಲ್ಲೇ ಇರ್ಲೇನು? ಟೀಚರ್ ತಮ್ಮ ಮನ್ಯಾಗ ಇರು ಅಂತಾರ.’ ಒಬ್ಬನೇ ಅಡುಗೆ ಮಾಡಿಕೊಳ್ಳುವ ಚಿತ್ರ ಕಣ್ಣ ಮುಂದೆ ಬಂತು. ‘ನೋಡೂಣು’ ಎಂದೆ. ಅವಳು ಹಗ್ಗ ಬಿಗಿದಳು. ವಿಜಯವಾಡದ ಪಟಮಟದಲ್ಲಿ ಹಿಡಿದ ಮನೆಗೆ ಬಂದ ಮೇಲೆ ಅವಳ ಕೈಗಳು ಸುಮ್ಮನಾದವು. ಸಿಟಿ ಬಸ್ಸುಗಳ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನಾನು ಸೆಕೆಯ ಮೇಲೆ ತಪ್ಪು ಹಾಕಿದೆ.

ಪ್ರಶ್ನೆಯ ದಿನ ಬಂತು. ರಜೆ ಹಾಕಿ ಟೀವಿ ಮುಂದೆ ಕೂತೆ. ಪೆಸರಟ್ಟು ದೋಸೆ ಹುಯ್ಯುತ್ತಿದ್ದ ಗಿರಿಜಾ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು. ಸತ್ಯಂ ಗಾರು ಎದ್ದರು. ಏನು ಗತ್ತು, ಏನು ಕಂಠ! ಪ್ರಶ್ನೆ ಕೇಳಿ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು. ಸಮಾಜ ಕಲ್ಯಾಣ ಮಂತ್ರಿಗಳು ಎದ್ದರು. ‘ಪರಿಶೀಲನಲೋ...’ ಎಂದು ನಾನು ಇಲ್ಲಿಂದಲೇ ಶುರುಮಾಡಿದ್ದೆ. ಅವರು ಮುಂದಿದ್ದ ಕಾಗದ ನೋಡಲೇ ಇಲ್ಲ. ‘ಸದಸ್ಯರು ಕೇಳಿದ್ದು ನ್ಯಾಯವಾಗಿದೆ. ಆ ಕಟ್ಟಡವನ್ನು ಆ ಮಕ್ಕಳ ಶಾಲೆಗೆ ಕೊಡುತ್ತೇವೆ ಅಧ್ಯಕ್ಷಾ’ ಎಂದರು. ಮಂತ್ರಿ ಹೀಗೂ ಮಾತಾಡುತ್ತಾರೆಯೇ? ಗಿರಿಜಾ ಸಂತೋಷದಿಂದ ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಟೀವಿಯೊಳಗಿನಿಂದ ಸಿಡಿಲು ಬಡಿಯಿತು: ‘ಇದು ಉತ್ತರವೇ ಅಲ್ಲ ಅಧ್ಯಕ್ಷಾ! ಈ ಉತ್ತರವನ್ನು ನಾನು ಒಪ್ಪೋದಿಲ್ಲ ಅಧ್ಯಕ್ಷಾ!’

ಸದನವೇ ದಂಗಾಯಿತು. ಪಕ್ಕದವರೊಬ್ಬರು ಅಂಗಿ ಹಿಡಿದೆಳೆದರೂ ಸತ್ಯಂ ಗಾರು ನಿಲ್ಲಲಿಲ್ಲ. ಮಾತಿನ ಆಟ, ಮಾತು ಬಾರದ ಮಕ್ಕಳು, ಎಲ್ಲವನ್ನೂ ವರಾಂಡದಲ್ಲಿ ಹೇಳಿದ ಕ್ರಮದಲ್ಲೇ ಒಂದೂ ಬಿಡದೆ ಗುಡುಗಿದರು. ಮಂತ್ರಿಗಳು ಕಕ್ಕಾಬಿಕ್ಕಿಯಾಗಿ ನೋಡಿ, ಆಮೇಲೆ ಮುಖ ಗಂಟುಹಾಕಿ, ‘ಸದಸ್ಯರಿಗೇ ಒಪ್ಪಿಗೆ ಇಲ್ಲದಿದ್ದರೆ ಮತ್ತೊಮ್ಮೆ ಪರಿಶೀಲಿಸುತ್ತೇವೆ ಅಧ್ಯಕ್ಷಾ’ ಎಂದು ಕೂತರು. ಮುಂದಿನ ಪ್ರಶ್ನೆ ಶುರುವಾಯಿತು. ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ಗಿರಿಜಾ ಟೀವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ‘ಅಷ್ಟು ದಿನ ಮಂತ್ರಿ ಆಗಿದ್ರಿ,’ ಎಂದಳು, ‘ಒಂದು ಸಲಾನೂ ಹೂಂ ಅನ್ನಲಿಲ್ಲಲ್ರೀ. ಹೂಂ ಅಂದ್ರ ಹೆಂಗಿರತೈತಿ ಅಂತ ಆ ಮನಶ್ಯಾಗ ಗೊತ್ತಾಗೂದಾದ್ರೂ ಹೆಂಗ?’ ಅವಳ ಕಣ್ಣಲ್ಲಿ ನೀರಿತ್ತು. ನಾನು ಎದ್ದು ಹೋಗಿ ಒಲೆ ಆರಿಸಿದೆ.

ಮಂತ್ರಿಗಳ ಕೋಪ ಇಳಿಯಲು ಸಮಯ ಬೇಕಾಯಿತು. ಮುಂದಿನ ಅಧಿವೇಶನದಲ್ಲಿ ಕೇಳಿ ನೋಡಿ ಎಂದರಂತೆ. ಅತ್ತ ಶೆಡ್ಡು ಕೆಡವಿದರು. ಸತ್ಯಂ ಗಾರು ನಾಚಿಕೆಯಿಂದ, ನಾವು ಬಿಟ್ಟು ಬಂದಿದ್ದ ಮಹಡಿಯನ್ನೇ ಮಕ್ಕಳಿಗೆ ಬಿಟ್ಟುಕೊಟ್ಟರು. ಆಮೇಲೆ ನನಗೆ ಫೋನು ಮಾಡಿ, ‘ಬಾಬೂ, ಈಗ ಹೌದು ಅನ್ನೋ ಮಂತ್ರಿ ಆಗಿ. ನಾನು ಧನ್ಯವಾದ ಹೇಳೋದು ಕಲೀಬೇಕು. ಆಣೆಗೆ ಸಿಂಹಾಚಲಂನಲ್ಲಿ ತಪ್ಪುಕಾಣಿಕೆ ಹಾಕಿ ಬಂದಿದ್ದೀನಿ’ ಎಂದರು. ಮೊಬೈಲಿನ ಸ್ಪೀಕರು ಹಾಕಿ ಊಟದ ಮೇಜಿನ ಮೇಲಿಟ್ಟೆವು. ಗಿರಿಜಾ ಲೋಟ ತಂದಳು. ‘ಹಾಸ್ಟೆಲು ಕೊಡ್ತೀರಾ ಅಧ್ಯಕ್ಷಾ?’ ನಾನು ಗಂಟಲು ಸರಿಮಾಡಿಕೊಂಡು, ‘ತಾತ್ವಿಕವಾಗಿ ಒಪ್ಪಿದ್ದೇವೆ’ ಎಂದೆ. ಲೋಟ ಟಣ್ಣೆಂದಿತು. ‘ಬಹುಶಃ ಕೊಡಬಹುದು’ ಎಂದೆ. ಮತ್ತೆ ಲೋಟ. ‘ಹೌದು, ಆದರೆ’ ಎಂದೆ. ‘ಆದರ ಗೀದರ ತಗೀರಿ!’ ಎಂದಳು ಸಭಾಧ್ಯಕ್ಷೆ. ಬೆವರು ಸುರಿಸಿ, ಕಣ್ಣುಮುಚ್ಚಿ, ಕೊನೆಗೊಮ್ಮೆ ‘ಹೌದು ಅಧ್ಯಕ್ಷಾ’ ಎಂದುಬಿಟ್ಟೆ. ಅತ್ತಲಿಂದ ‘ಧನ್ಯವಾದಾಲು ಅಧ್ಯಕ್ಷಾ!’ ನೋಡಿದರೆ ಅದೇನೂ ಕಷ್ಟವಿಲ್ಲ. ಒಂದಾದ ಮೇಲೊಂದು ಹೌದು ಸರಾಗವಾಗಿ ಬರತೊಡಗಿತು, ನನಗೇ ರುಚಿ ಹತ್ತಿತು. ಆ ಭರದಲ್ಲಿ ಸಭಾಧ್ಯಕ್ಷೆ ತನ್ನ ಮುರುಕು ತೆಲುಗಿನಲ್ಲಿ ಕೇಳಿದಳು: ‘ಶಾಲೆ ಹೊಸ ಕಟ್ಟಡದಲ್ಲಿ ನೆಲೆ ನಿಲ್ಲುವವರೆಗೆ ಗಿರಿಜಾ ಎಂಬ ಟೀಚರನ್ನು ಪೆಂಡುರ್ತಿಗೆ ಕಳಿಸುತ್ತೀರಾ?’ ‘ಹೌದು ಅಧ್ಯಕ್ಷಾ, ಖಂಡಿತ!’ ಎಂದ ಮೇಲೆ ನನಗೆ ಪ್ರಶ್ನೆ ಕೇಳಿಸಿತು. ಅಧ್ಯಕ್ಷರು ಪ್ರಶ್ನೆ ಕೇಳುವಂತಿಲ್ಲ ಎಂದು ಕೂಗಾಡಿದೆ. ‘ಸದನದಲ್ಲಿ ಕೊಟ್ಟ ಮಾತು, ನಾನು ಸಾಕ್ಷಿ’ ಎಂದಿತು ಫೋನು. ಗಿರಿಜಾ ಆಗಲೇ ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತಿದ್ದಳು.

ಮುಂದಿನ ಅಧಿವೇಶನದಲ್ಲಿ ಮಂತ್ರಿಗಳು ಎದ್ದು ನಿಲ್ಲುವಷ್ಟರಲ್ಲೇ ಸತ್ಯಂ ಗಾರು ಧನ್ಯವಾದ ಹೇಳಿಬಿಟ್ಟರು. ಇನ್ನು ಬೇರೆ ದಾರಿಯಿಲ್ಲದೆ ಮಂತ್ರಿಗಳು ಹೌದು ಎಂದರು. ಹಾಸ್ಟೆಲಿನ ಬೀಗ ತೆಗೆದ ದಿನ ನಾನೂ ವಿಜಯವಾಡದಿಂದ ಹೋದೆ. ನನ್ನದೇ ಕೈಯಡುಗೆ ಉಂಡು ಅರ್ಧ ಇಳಿದುಹೋಗಿದ್ದೆ. ಸುಣ್ಣ ಬಳಿದ ಅಂಗಳದಲ್ಲಿ ಮಕ್ಕಳು ನನ್ನನ್ನು ಕಂಡವರೇ ಒಟ್ಟಿಗೆ ಅಂಗೈ ಚಾಚಿ ಅತ್ತ ಇತ್ತ ತೂಗಿದರು. ಎಂಥ ಸ್ವಾಗತ ಎಂದು ಉಬ್ಬಿಹೋಗಿ ನಾನೂ ಎರಡೂ ಕೈ ಎತ್ತಿ ಹಾಗೇ ತೂಗಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಗಿರಿಜಾ ಸೆರಗು ಬಾಯಿಗಿಟ್ಟುಕೊಂಡು ಹತ್ತಿರ ಬಂದಳು. ಇಲ್ಲಿ ಎಲ್ಲರಿಗೂ ಕೈಯಲ್ಲೊಂದು ಹೆಸರಿದೆಯಂತೆ, ಮಕ್ಕಳೇ ಇಡುತ್ತಾರಂತೆ. ರತ್ನಂ ಟೀಚರೆಂದರೆ ಹಣೆಯ ದೊಡ್ಡ ಕುಂಕುಮ, ಸತ್ಯಂ ಗಾರು ಎಂದರೆ ಹೆಗಲ ಮೇಲಿನ ವಸ್ತ್ರ. ‘ಇದು ನಿಮ್ಮ ಹೆಸರು ರೀ,’ ಎಂದಳು. ‘ಹೂಂನೂ ಅಲ್ಲ, ಊಹೂಂನೂ ಅಲ್ಲ. ನನ್ನ ಯಜಮಾನರು ಹೆಂಗದಾರ ಅಂತ ಕೇಳಿದ್ರು, ನಾ ಹೇಳಿದೆ.’

ಊರೆಲ್ಲ ಶಾಸಕ, ಮಂತ್ರಿ ಎಂದು ಓಡಾಡಿ, ಕೊನೆಗೆ ಸಿಕ್ಕ ಬಿರುದು ಇದು. ಈ ಹೆಸರು ಬದಲಾಯಿಸಲು ಆಗುತ್ತದೆಯೇ ಕೇಳು ಎಂದು ಗಿರಿಜಾಳಿಗೆ ಹೇಳಿದೆ. ಅವಳು ಕೈಯಲ್ಲಿ ಕೇಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ, ಯೋಚಿಸಲಿಲ್ಲ, ಅಷ್ಟೂ ಜನ ಒಂದೇ ಸಲ ತಲೆ ಅಡ್ಡ ಆಡಿಸಿದರು. ನನ್ನ ಪ್ರಶ್ನೆಗೆ ಅಷ್ಟು ಬೇಗ, ಅಷ್ಟು ನೇರವಾಗಿ ಉತ್ತರ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ.