ಬೇಡ ಅಂದರೆ ಬೇಡ

"ಅಮ್ಮಾ, ಮಿಸೆಸ್ ಬೂತ್‌ರಾಯ್ಡ್‌ಗೆ ಟೀ ಬೇಡವಾ, ಇಲ್ಲಾ ಬೇಡ ಅನ್ನೋಕೆ ಮಾತ್ರ ಇಷ್ಟವಾ?"

ಐದು ವರ್ಷದ ಮಾರ್ತಾ ಹೀಗೆ ಕೇಳಿದ್ದು ಒಂದು ಸೋಮವಾರ ಬೆಳಿಗ್ಗೆ. ಪಕ್ಕದ ಮನೆಯ ಬೂತ್‌ರಾಯ್ಡಮ್ಮ ಎರಡು ಕಪ್ ಟೀ ಕುಡಿದು, ಹಿಂಬಾಗಿಲು ದಾಟಿ, ಇನ್ನೂ ಅಂಗಳದಲ್ಲೇ ಇದ್ದರು. ಹೆಸ್ಟರ್ ಮಗಳ ಬಾಯಿಗೆ ಒಂದು ಬಿಸ್ಕತ್ತು ತುರುಕಿ ಕದ ಹಾಕಿದಳು. ಬಾಯಿ ಮುಚ್ಚಿತು, ಪ್ರಶ್ನೆ ಮುಚ್ಚಲಿಲ್ಲ. ಬಟ್ಟೆ ಒಗೆಯುವ ದಿನ ಅದು. ತೊಟ್ಟಿಯಲ್ಲಿದ್ದ ಬಿಸಿನೀರು ಈ ಟೀ ಸಮಾರಂಭ ಮುಗಿಯುವಷ್ಟರಲ್ಲಿ ಆರಿ ತಣ್ಣಗಾಗಿತ್ತು.

ಸಮಾರಂಭ ಅಂದದ್ದು ಸುಮ್ಮನೆ ಅಲ್ಲ. ಲೀಡ್ಸ್ ಹತ್ತಿರದ ಆಟ್ಲಿ ಊರಿನ ಆ ಓಣಿಯಲ್ಲಿ ಟೀ ಕೊಡುವುದೆಂದರೆ ಮೂರು ಅಂಕಗಳ ನಾಟಕ. ಒಂದನೆಯ ಅಂಕದಲ್ಲಿ, ಒಂದು ಕಪ್ ಟೀ ಕುಡೀತೀರಾ ಎಂದು ಮನೆಯವಳು ಕೇಳಬೇಕು. ಬಂದವರು, ಬೇಡಮ್ಮ, ನಿನ್ನ ಕೆಲಸ ಕೆಡುತ್ತೆ ಎನ್ನಬೇಕು. ಎರಡನೆಯದರಲ್ಲಿ, ನೀರು ಹೇಗೂ ಕಾದಿದೆ ಎಂದು ಇವಳು. ನನಗೋಸ್ಕರ ಅಂತ ಮಾಡಬೇಡ ಎಂದು ಅವರು. ಮೂರನೆಯದರಲ್ಲಿ, ನಾನೂ ಕುಡಿಯಬೇಕು ಅಂತಿದ್ದೆ ಎಂದು ಇವಳು ಸುಳ್ಳು ಹೇಳಬೇಕು. ಆಗ ಅವರು ದೊಡ್ಡ ಮನಸ್ಸು ಮಾಡಿ, ಹಾಗಾದರೆ ಸರಿ, ನೀನು ಹೇಗೂ ಮಾಡ್ತಿದ್ರೆ ಎಂದು ಕುರ್ಚಿ ಎಳೆದುಕೊಳ್ಳಬೇಕು. ಸಕ್ಕರೆಗೆ ಮತ್ತೆ ಮೂರು ಅಂಕ. ಬಿಸ್ಕತ್ತಿಗೆ ಮೂರು. (ಎರಡನೆಯ ಕಪ್ಪಿಗೆ ಎರಡೇ ಸಾಕು, ಅಷ್ಟು ಹೊತ್ತಿಗೆ ಸಲಿಗೆ ಬೆಳೆದಿರುತ್ತದೆ.)

ಏನನ್ನಾದರೂ ಕೇಳುವುದಂತೂ ಇನ್ನೂ ಘನವಾದ ವಿದ್ಯೆ. ಯಾರಿಗಾದರೂ ಏಣಿ ಬೇಕಾದರೆ ಅವರು ಏಣಿಯ ಹೆಸರೆತ್ತುವುದಿಲ್ಲ. ಈ ವರ್ಷ ಎಲೆ ಎಷ್ಟು ಉದುರಿದೆ ನೋಡಿ ಎಂದು ಆಕಾಶ ನೋಡುತ್ತಾರೆ. ಕೇಳಿದವರು ಎಲೆಯಿಂದ ಅದು ಕಟ್ಟಿಕೊಂಡ ಮಾಡಿನ ನೀರುದೋಣಿಗೆ, ದೋಣಿಯಿಂದ ಏಣಿಗೆ ತಾವೇ ಹತ್ತಿ, ಏಣಿ ಬೇಕಾ ಎಂದು ಕೇಳಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವವರಾದರೂ ಕೊನೆಗೆ ಮೈಲಾರ ಮುಟ್ಟುತ್ತಾರೆ. ಇವರು ಮೈಲಾರದ ಬಾಗಿಲಲ್ಲಿ ನಿಂತು, ಒಳಗೆ ಬರಲ್ಲ, ಕಾಲು ಕೆಸರಾಗಿದೆ ಎನ್ನುವವರು.

ಹೆಸ್ಟರ್ ಹುಟ್ಟಿ ಬೆಳೆದದ್ದೂ ಇದೇ ನೀರಿನಲ್ಲಿ. ಆದರೂ ಆ ಸೋಮವಾರ ತಣ್ಣನೆಯ ನೀರಿನಲ್ಲಿ ಗಂಡನ ಕಾಲರ್ ಉಜ್ಜುತ್ತಾ ಅವಳಿಗೆ ಜ್ಞಾನೋದಯವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಗಂಡ ನೆವಿಲ್‌ನ ಮುಂದೆ ಮಂಡಿಸಿದಳು. ನೆವಿಲ್ ಮುದ್ರಣಯಂತ್ರದ ಕಾರ್ಖಾನೆಯಲ್ಲಿ ಗುಮಾಸ್ತ. ಮನೆಯಲ್ಲಿ ಅವನ ಮುಖದ ಬದಲು ಅವನು ಓದುವ ಪತ್ರಿಕೆಯಷ್ಟೇ ಕಾಣುತ್ತದೆ. ಜನ ಆಡಿದ ಮಾತನ್ನೇ ಅವರ ಮಾತು ಅಂದುಕೊಂಡರೆ ವಾರಕ್ಕೆ ಎಷ್ಟು ಗಂಟೆ ಉಳಿಯಬಹುದು ಎಂದು ಅವಳು ಕೇಳಿದಳು. ಪತ್ರಿಕೆ ಅಲ್ಲಾಡಲಿಲ್ಲ.

"ಇದೊಂದು ಆಲೂಗಡ್ಡೆ ಉಳಿದಿದೆ. ಬೇಕಾ?"

"ಬೇಡ, ನೀನು ತಗೋ."

ಹೆಸ್ಟರ್ ತೆಗೆದುಕೊಂಡಳು. ಬೆಣ್ಣೆ ಸವರಿ ತಿಂದೂಬಿಟ್ಟಳು. ಪತ್ರಿಕೆ ನಿಧಾನವಾಗಿ ಕೆಳಗಿಳಿಯಿತು.

"ನಾನು ಬಾಯಿಮಾತಿಗೆ ಅಂದದ್ದು ಕಣೇ."

"ನಾನು ಹೇಳ್ತಿರೋದೂ ಅದನ್ನೇ."

"ಇನ್ನೊಂದು ಸಲ ಕೇಳಬಹುದಿತ್ತಲ್ಲ."

"ಇನ್ನೊಂದು ಸಲ ಕೇಳಿದ್ದರೆ ಆಲೂಗಡ್ಡೆ ಇನ್ನೂ ಬಟ್ಟಲಲ್ಲೇ ಇರ್ತಿತ್ತು. ಈಗ ನೋಡು, ಪಾತ್ರೆ ತೊಳೆಯೋಕೆ ಖಾಲಿ."

ತರ್ಕ ಚೆನ್ನಾಗಿತ್ತು. ಒಂದು ವಾರ ಪ್ರಯೋಗ ಮಾಡುವುದೆಂದು ಅವಳು ತೀರ್ಮಾನಿಸಿದಳು. ಬೇಡ ಅಂದವರಿಗೆ ಬೇಡ, ಬೇಕು ಅಂದವರಿಗೆ ಬೇಕು.

ಮಂಗಳವಾರ ಬೂತ್‌ರಾಯ್ಡಮ್ಮ ಬಂದಾಗ ಮೊದಲನೆಯ ಅಂಕ ಎಂದಿನಂತೆ ನಡೆಯಿತು. ಬೇಡಮ್ಮ ಎಂದರು. ಸರಿ ಎಂದ ಹೆಸ್ಟರ್ ಒಂದೇ ಕಪ್ ತೆಗೆದು ಒಂದೇ ಕಪ್ ಟೀ ಬಗ್ಗಿಸಿಕೊಂಡಳು. ಮುದುಕಿಯ ಕಣ್ಣು ಆ ಕಪ್ಪಿನ ಜೊತೆ ಮೇಜಿನಿಂದ ತುಟಿಗೆ, ತುಟಿಯಿಂದ ಮೇಜಿಗೆ ಓಡಾಡಿತು. ಒಳ್ಳೇ ಬಣ್ಣ ಬಂದಿದೆ ಎಂದರು. ಹೌದು ಎಂದಳು ಹೆಸ್ಟರ್. ಐದು ನಿಮಿಷಕ್ಕೆ ಬೂತ್‌ರಾಯ್ಡಮ್ಮ ಎದ್ದು ಹೋದರು. ಹೆಸ್ಟರ್‌ಗೆ ಒಳಗೆಲ್ಲೋ ಒಂದು ಮುಳ್ಳು ಚುಚ್ಚಿದಂತಾಯಿತು. ಉಳಿದ ಇಪ್ಪತ್ತು ನಿಮಿಷದಲ್ಲಿ ಆರು ಅಂಗಿ ಇಸ್ತ್ರಿ ಮಾಡಿದ ಮೇಲೆ ಮುಳ್ಳಿನ ನೆನಪೂ ಹೋಯಿತು.

ಹೆಸ್ಟರ್‌ಗೆ ತಡವಾಗಿ ಗೊತ್ತಾದದ್ದನ್ನು ಓದುವವರಿಗೆ ಇಲ್ಲೇ ಹೇಳಿಬಿಡುವುದು ನ್ಯಾಯ. ಬೂತ್‌ರಾಯ್ಡಮ್ಮನಿಗೆ ಆಗ್ನೆಸ್ ಎಂಬ ಅಕ್ಕ ಒಬ್ಬಳಿದ್ದಳು, ಲೀಡ್ಸ್‌ನಲ್ಲಿ. ಹನ್ನೊಂದು ವರ್ಷದಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. ತಾಯಿಯನ್ನು ಮಣ್ಣು ಮಾಡಿ ಬಂದ ದಿನ ಆಗ್ನೆಸ್, ಅಮ್ಮನ ಹೊಲಿಗೆ ಯಂತ್ರ ನಿನಗೆ ಬೇಕಾ ಎಂದು ಕೇಳಿದ್ದಳು. ತಂಗಿ ಮರ್ಯಾದೆಗೆ, ಬೇಡ, ನೀನಿಟ್ಟುಕೋ ಎಂದಿದ್ದಳು. ಆಗ್ನೆಸ್ ಇಟ್ಟುಕೊಂಡಳು. ಒಂದೇ ಸಲ ಕೇಳಿ ಇಟ್ಟುಕೊಂಡಳು! ಇದಕ್ಕಿಂತ ದೊಡ್ಡ ಅನ್ಯಾಯ ಆ ವಂಶದಲ್ಲಿ ನಡೆದದ್ದಿಲ್ಲ. ಈಗ ಆಗ್ನೆಸ್ ಮಗನ ಹತ್ತಿರ ಕೆನಡಾಕ್ಕೆ ಹೊರಟಿದ್ದಳು, ಹಿಂದಿರುಗುವ ಮಾತಿಲ್ಲ. ಹೊರಡುವ ಮುನ್ನ ತಂಗಿಗೆ ಎರಡು ಸಾಲು ಬರೆದಿದ್ದಳು: ಶುಕ್ರವಾರ ಎರಡು ಗಂಟೆಗೆ ಲೀಡ್ಸ್‌ನಿಂದ ಲಿವರ್‌ಪೂಲ್ ರೈಲು, ಅಲ್ಲಿಂದ ಹಡಗು, ನೀನೇನೂ ಅಷ್ಟು ದೂರ ಬರಬೇಕಾಗಿಲ್ಲ. ಬಾರೇ ಎಂದು ಇದಕ್ಕಿಂತ ಗಟ್ಟಿಯಾಗಿ ಕೂಗುವುದು ಆ ಮನೆತನದವರಿಗೆ ಸಾಧ್ಯವಿರಲಿಲ್ಲ. ತಂಗಿಗೆ ಅದು ಕೇಳಿಸಿತ್ತು. ಹೋಗದಿದ್ದರೆ ಅಕ್ಕ ಏನೆಂದುಕೊಳ್ಳುತ್ತಾಳೆ ಎಂಬುದೂ ಗೊತ್ತಿತ್ತು.

ಬುಧವಾರ ಬೂತ್‌ರಾಯ್ಡಮ್ಮ ಹಿಂಬಾಗಿಲಿಗೆ ಬಂದಾಗ ತಲೆಯ ಮೇಲೆ ಹ್ಯಾಟ್ ಇತ್ತು. ಮೂರು ಹೆಜ್ಜೆ ದಾಟಿ ಬರಲು ಹ್ಯಾಟ್ ಏಕೆಂದು ಹೆಸ್ಟರ್ ಯೋಚಿಸಬೇಕಿತ್ತು. ಮಾತು ಮಳೆಯಿಂದ ಹೊರಟು ಮಂಡಿನೋವಿಗೆ ಬಂತು. ಮಂಡಿಯಿಂದ ಬಸ್ಸಿನ ಮೆಟ್ಟಿಲಿಗೆ ಹತ್ತಿತು. ಈಚೆಗೆ ಬಸ್ಸುಗಳು ಹೇಗೆ ತುಂಬಿಕೊಂಡು ಬರುತ್ತವೆ ಎಂಬಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವರು ಕೈಚೀಲದ ಕೊಂಡಿಯನ್ನು ಎರಡು ಸಲ ತೆಗೆದು ಹಾಕಿದರು.

"ಶುಕ್ರವಾರ ನೀವು ಲೀಡ್ಸ್ ಕಡೆ ಹೋಗೋದೇನೂ ಇರಲಿಕ್ಕಿಲ್ಲ, ಅಲ್ವಾ?"

"ಇಲ್ಲ ಮಿಸೆಸ್ ಬೂತ್‌ರಾಯ್ಡ್. ನೆವಿಲ್‌ಗೆ ರಜ. ಇಡೀ ದಿನ ಮನೇಲೇ ಇರ್ತೀವಿ."

"ಒಳ್ಳೇದಾಯ್ತು ಬಿಡು. ಅವನಿಗೂ ವಿಶ್ರಾಂತಿ ಬೇಕಲ್ಲ. ನಾನು ಸುಮ್ಮನೆ ಕೇಳಿದೆ."

ಹೆಸ್ಟರ್ ಅಷ್ಟಕ್ಕೇ ಬಿಡಲಿಲ್ಲ. ಏನಾದರೂ ಆಗಬೇಕಿತ್ತೇ ಎಂದು ಕೇಳಿದಳು. (ಕೇಳಿದೆನಲ್ಲ ಎಂದು ಆಮೇಲೆ ತಿಂಗಳುಗಟ್ಟಲೆ ತನಗೆ ತಾನೇ ಹೇಳಿಕೊಂಡಳು.) ಏನಿಲ್ಲಮ್ಮ, ಬಸ್ಸಿದೆ ಎಂದರು ಬೂತ್‌ರಾಯ್ಡಮ್ಮ. ಪ್ರಯೋಗದ ನಿಯಮದ ಪ್ರಕಾರ ಏನಿಲ್ಲ ಅಂದರೆ ಏನಿಲ್ಲ. ಹೆಸ್ಟರ್ ತಿರುಗಿ ಕ್ಯಾರೆಟ್ ಹೆಚ್ಚಿದಳು.

ಶುಕ್ರವಾರ ಬೆಳಿಗ್ಗೆ ನೆವಿಲ್ ಮನೆಯ ಮುಂದೆ ಕಾರು ತೊಳೆಯುತ್ತಿದ್ದ. ಅದು ಓಣಿಗಿದ್ದ ಒಂದೇ ಕಾರು. ಅವನು ಅದನ್ನು ಓಡಿಸುವುದಕ್ಕಿಂತ ಒರೆಸುವುದೇ ಹೆಚ್ಚು. ಹನ್ನೊಂದು ಗಂಟೆಗೆ ಬೂತ್‌ರಾಯ್ಡಮ್ಮ ಹೊರಗೆ ಬಂದರು: ಅದೇ ಹ್ಯಾಟ್, ಕೈಗವಸು, ದಾರ ಕಟ್ಟಿದ ಒಂದು ಪೊಟ್ಟಣ. ಕಾರು ಕನ್ನಡಿ ಹಾಗೆ ಹೊಳೀತಿದೆ ಎಂದು ಹೊಗಳಿ ಅಲ್ಲೇ ನಿಂತರು. ಗಂಡಸಾದರೂ ನೆವಿಲ್‌ಗೆ ಅಷ್ಟು ಅರ್ಥವಾಯಿತು.

"ಬಸ್ ಸ್ಟ್ಯಾಂಡಿಗಾ? ಬಿಟ್ಟು ಬರಲಾ?"

"ಬೇಡಪ್ಪ. ಒದ್ದೆ ಕೈಯಲ್ಲಿದ್ದೀಯ."

ನೆವಿಲ್ ಎರಡನೆಯ ಸಲ ಕೇಳಲು ಬಾಯಿ ತೆರೆದ. ತೆರೆದವನು ಬಾಗಿಲ ಕಡೆ ನೋಡಿದ. ಅಲ್ಲಿ ಹೆಸ್ಟರ್ ನಿಂತಿದ್ದಳು, ಮತ್ತು ಅವಳ ತಲೆ ಒಂದಿಷ್ಟೇ ಆ ಕಡೆ ಈ ಕಡೆ ಅಲ್ಲಾಡಿತು. ವಾರ ಇನ್ನೂ ಮುಗಿದಿರಲಿಲ್ಲ. ನೆವಿಲ್ ಬಾಯಿ ಮುಚ್ಚಿಕೊಂಡು ಬಾನೆಟ್ ಉಜ್ಜಿದ. ಬೂತ್‌ರಾಯ್ಡಮ್ಮ ಇನ್ನೊಂದು ಕ್ಷಣ ನಿಂತಿದ್ದು, ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಇಳಿಜಾರಿನಲ್ಲಿ ಹೊರಟುಹೋದರು.

ಸಂಜೆ ಆರಕ್ಕೆ ಅವರು ಹಿಂದಿರುಗಿದಾಗ ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು. ದಾರದ ಗಂಟು ಕೂಡ ಬಿಚ್ಚಿರಲಿಲ್ಲ. ಕಿಟಕಿಯಿಂದ ಅದನ್ನು ಕಂಡ ಹೆಸ್ಟರ್‌ಗೆ ಏಕೋ ಕುಳಿತಿರಲಾಗಲಿಲ್ಲ. ಹೋಗಿ ಕದ ತಟ್ಟಿ, ಕೇಳದೆಯೇ ಒಳಗೆ ನುಗ್ಗಿ, ಕೇಳದೆಯೇ ನೀರು ಕಾಯಲಿಟ್ಟಳು. ಬೂತ್‌ರಾಯ್ಡಮ್ಮ ಹ್ಯಾಟ್ ತೆಗೆಯದೆ ಕುಳಿತು, ತರಕಾರಿ ಬೆಲೆ ಹೇಳುವಂತೆ ಎಲ್ಲವನ್ನೂ ಹೇಳಿದರು: ಅಕ್ಕ, ಹೊಲಿಗೆ ಯಂತ್ರ, ಎರಡು ಸಾಲಿನ ಕಾಗದ, ಹಡಗಿನಲ್ಲಿ ತಿನ್ನಲೆಂದು ಮಾಡಿದ ಕೇಕು. ಬಸ್ಸಿನ ಸಾಲಿನಲ್ಲಿ ಅವರು ಮುಂದೆಯೇ ಇದ್ದರಂತೆ. ಮಗುವಿದ್ದ ಹೆಂಗಸೊಬ್ಬಳಿಗೆ, ನೀನು ಮೊದಲು ಹತ್ತಮ್ಮ ಎಂದರು. ಊರುಗೋಲಿನ ಮುದುಕನೊಬ್ಬನಿಗೆ, ನೀವು ಮೊದಲು ಎಂದರು. ಅವರ ಹಿಂದಿದ್ದವರು ತಮಗೂ ಹೇಳಿದರೆಂದು ತಿಳಿದು ಹತ್ತಿದರು. ಇವರ ಕಾಲು ಮೆಟ್ಟಿಲಿಗೆ ತಾಗುವಾಗ ಕಂಡಕ್ಟರನ ತೋಳು ಅಡ್ಡ ಬಂತು. ಮುಂದಿನ ಬಸ್ಸು ಒಂದು ಗಂಟೆ ತಡ. ಪ್ಲಾಟ್‌ಫಾರ್ಮ್ ಮುಟ್ಟಿದಾಗ ಎರಡು ಹೊಡೆದು ನಾಲ್ಕು ನಿಮಿಷ.

"ನನ್ನ ಕೇಳಬಾರದಿತ್ತಾ?" ಎಂದಳು ಹೆಸ್ಟರ್. ದನಿ ತೀರಾ ಸಣ್ಣಗಿತ್ತು.

"ಕೇಳಿದ್ದೆನಲ್ಲಮ್ಮ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹೆಸ್ಟರ್‌ಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಮುಂದಿನ ಮೂರು ವಾರ ಅವಳು ಪ್ರಾಯಶ್ಚಿತ್ತದ ಹೊಳೆಯನ್ನೇ ಹರಿಸಿದಳು. ಮಾಂಸದ ಕಡುಬು, ರೊಟ್ಟಿ, ಮಾರ್ಮಲೇಡ್, ಕಲ್ಲಿದ್ದಲ ಬುಟ್ಟಿ ಎತ್ತಿಕೊಡುವುದು, ಕಿಟಕಿ ಒರೆಸುವುದು. ಬೇಡಮ್ಮ ಅಂದರೆ ಮೂರಲ್ಲ, ಏಳು ಸಲ ಕೇಳಿದಳು. ಬೂತ್‌ರಾಯ್ಡಮ್ಮ ಕಸಾಯಿ ಅಂಗಡಿಗೆ ನಡೆದು ಹೋದರೆ, ಹೆಂಡತಿಯ ಆಜ್ಞೆಯ ಮೇರೆಗೆ ನೆವಿಲ್ ಕಾರಿನಲ್ಲಿ ಅವರ ಪಕ್ಕಪಕ್ಕದಲ್ಲೇ ಮೆಲ್ಲಗೆ ಬಂದು, ಹತ್ತಿ ಮಿಸೆಸ್ ಬೂತ್‌ರಾಯ್ಡ್, ಹತ್ತಿ ಎಂದು ಗೋಗರೆಯುತ್ತಿದ್ದ. ನಡೆಯೋದು ನನಗಿಷ್ಟ ಕಣಪ್ಪ ಎಂದು ಅವರು ನಿಜವನ್ನೇ ಹೇಳಿದರು. ಆ ನಿಜವನ್ನು ನಂಬುವವರು ಈಗ ಯಾರೂ ಉಳಿದಿರಲಿಲ್ಲ. ಕೊನೆಗೆ ಹೆಸ್ಟರ್ ಕದ ತಟ್ಟಿದರೆ ಒಳಗೆ ಪರದೆ ಅಲ್ಲಾಡುತ್ತಿತ್ತು, ಕದ ತೆರೆಯುತ್ತಿರಲಿಲ್ಲ.

"ಅವರ ಅಡುಗೆಮನೆಯಲ್ಲಿ ಇನ್ನು ಕಡುಬಿಡೋಕೆ ಜಾಗ ಇಲ್ಲ. ಪಾಪ, ಬಿಟ್ಟುಬಿಡೇ," ಎಂದ ನೆವಿಲ್.

ಬಿಡುವುದು ಹೇಗೆ? ಮಾರ್ತಾಳಿಗೆ ಜಡೆ ಹಾಕುವಾಗ, ಒಲೆ ಕೆದಕುವಾಗ, ಹೆಸ್ಟರ್‌ಗೆ ಆ ಪೊಟ್ಟಣ ಈ ಕೈಯಿಂದ ಆ ಕೈಗೆ ಬದಲಾದದ್ದೇ ಕಣ್ಣಮುಂದೆ ಬರುತ್ತಿತ್ತು. ಅವರು ನಿಂತಿದ್ದು ಒಂದೇ ಒಂದು ಕ್ಷಣ. ಅಂಥ ಕ್ಷಣಗಳನ್ನೆಲ್ಲ ಉಳಿಸಿ ಆ ವಾರ ಇವಳು ಗಳಿಸಿದ್ದೇನು? ಆರು ಅಂಗಿಯ ಇಸ್ತ್ರಿ. ಅವೂ ಮತ್ತೆ ಸುಕ್ಕಾಗಿದ್ದವು. ರೈಲಿನಲ್ಲಿ ಕುಳಿತು ಯಾರೋ ಒಬ್ಬ ಮುದುಕಿ ಪ್ಲಾಟ್‌ಫಾರ್ಮನ್ನು ನೋಡುತ್ತಿದ್ದಿರಬಹುದು ಎಂಬಲ್ಲಿಗೆ ಬಂದಾಗ ಹೆಸ್ಟರ್ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿ ಇನ್ನೊಂದು ಕಡುಬಿಗೆ ಹಿಟ್ಟು ಕಲಸುತ್ತಿದ್ದಳು.

ನಾಲ್ಕನೆಯ ವಾರ ಕೆನಡಾದಿಂದ ಒಂದು ಕಾರ್ಡು ಬಂತು. ಅದನ್ನು ಹಿಡಿದು ಬೂತ್‌ರಾಯ್ಡಮ್ಮ ತಾವಾಗಿಯೇ ಹಿಂಬಾಗಿಲಿಗೆ ಬಂದರು. ಕಾರ್ಡನ್ನು ಹೆಸ್ಟರ್‌ಳ ಕೈಗಿತ್ತರು. ಒಂದು ಕಡೆ ಹಿಮದ ಬೆಟ್ಟ. ಇನ್ನೊಂದು ಕಡೆ ನಾಲ್ಕು ಸಾಲು. ಕ್ಷೇಮವಾಗಿ ತಲುಪಿದೆ. ಸಮುದ್ರದಲ್ಲಿ ಅಲೆ ಜೋರಾಗಿತ್ತು. ಲೀಡ್ಸ್‌ನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತ್ತು. ನೀನು ಬರಲಿಲ್ಲ, ಪರವಾಗಿಲ್ಲ.

ಪರವಾಗಿಲ್ಲ! ಆ ಊರುಗಳಲ್ಲಿ ಒಬ್ಬರನ್ನು ಜನ್ಮಕ್ಕೆ ಕ್ಷಮಿಸುವುದಿಲ್ಲ ಎನ್ನಬೇಕಾದಾಗ ಬಳಸುವ ಮಾತು ಅದು. ಹೆಸ್ಟರ್ ಕಾರ್ಡು ಹಿಡಿದು ನಿಂತಳು. ನನ್ನಿಂದ ಏನಾದರೂ ಆಗುವ ಹಾಗಿದ್ದರೆ ಹೇಳಿ ಎಂದಳು. ಮೂರು ವಾರದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ ಮಾತು ಸವೆದು ಹೋಗಿತ್ತು.

ಬೂತ್‌ರಾಯ್ಡಮ್ಮ ಈ ಸಲ ಮಳೆಯ ಮಾತೆತ್ತಲಿಲ್ಲ. ಮಂಡಿಯ ವಿಷಯವಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ನೇರವಾಗಿ ಹೊಸ್ತಿಲ ಮೇಲೆ ನಿಂತು, ನೇರವಾಗಿ ಮುಖ ನೋಡಿ ಮಾತಾಡಿದರು.

"ಆಗ್ನೆಸ್‌ಗೆ ಒಂದು ಕಾಗದ ಬರೆದುಕೊಡು. ನಾನು ಬರೆದ್ರೆ ನೆಪ ಹೇಳ್ತಿದ್ದೀಯ ಅಂತಾಳೆ. ನಿನ್ನ ಹೆಸರಲ್ಲೇ ಬರಿ. ತಪ್ಪೆಲ್ಲ ನಿನ್ನದು ಅಂತ."

"ಬರೀತೀನಿ. ನನ್ನದೇ ತಾನೇ."

"ಅಷ್ಟು ಸಾಲದು. ಅವಳು ನನ್ನ ಅಕ್ಕ, ಸುಲಭಕ್ಕೆ ಕರಗೋಳಲ್ಲ. ಸ್ಟೇಶನ್ನಿಗೆ ಕರೆದುಕೊಂಡು ಹೋಗು ತಾಯಿ ಅಂತ ನಾನು ಕೈ ಹಿಡಿದು ಬೇಡಿಕೊಂಡೆ, ನೀನು ಆಗಲ್ಲ ಅಂದುಬಿಟ್ಟೆ ಅಂತ ಬರಿ."

 ಹೆಸ್ಟರ್ ಎದುರಿಗಿದ್ದ ಮುಖ ನೋಡಿದಳು. ಡ್ರಾಯರಿನಿಂದ ಹಾಳೆ ತೆಗೆದಳು, ಪೆನ್ನಿನ ಮುಚ್ಚಳ ಬಿಚ್ಚಿದಳು. ಬೂತ್‌ರಾಯ್ಡಮ್ಮ ಒಳಗೆ ಬಂದು ಅವಳ ಭುಜದ ಹಿಂದೆ ನಿಂತರು.

"ನಾನು ಅತ್ತುಬಿಟ್ಟೆ ಅಂತಾನೂ ಹಾಕು," ಎಂದರು. "ಇನ್ನು ನಿನ್ನ ವಿಷಯ, ಆದಷ್ಟು ಕೆಟ್ಟೋಳಾಗಿ ಬರಕೋ ಕಂದಾ. ಅವಳಿಗೆ ನಿನ್ನ ಮೇಲೆ ಸಿಟ್ಟು ಬಂದ್ರೆ, ನನ್ನ ಮೇಲಿರೋದು ಇಳಿಯುತ್ತೆ."