ಕಾಕುವಿನ ಮೂಗು

ನಮ್ಮ ಡೇಕೇರ್ ಕಾಕುವಿಗೆ ಮಕ್ಕಳೆಂದರೆ ಆಗುವುದಿಲ್ಲ ಎಂದೇ ನಾನು ಒಂದು ವರ್ಷ ನಂಬಿದ್ದೆ. ಮತ್ತೇನು! ಡೇಕೇರ್ ನಡೆಸುವವರು ಬಾಗಿಲಿಗೆ ಬಂದ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೋ, ವಾಪಸ್ ಅಟ್ಟುತ್ತಾರೋ? ಈ ಮರಾಠಿ ಊರಿನ ಖರಾಡಿ ಬಡಾವಣೆಯಲ್ಲಿರುವ ನಮ್ಮ ಆಫೀಸಿನ ಗೇಟಿನಲ್ಲಿ ಕಾರ್ಡು ತೋರಿಸಿದರೆ ಸಾಕು, ಬಿಡುತ್ತಾರೆ. ಕಾಕು ಮೊದಲು ಮಗುವಿನ ಹಣೆ ಮುಟ್ಟುತ್ತಾರೆ, ಆಮೇಲೆ "ಆ ಅನ್ನು" ಎಂದು ಬಾಯಿ ಮೂಸುತ್ತಾರೆ!

ಮೂಸುವುದೇಕೆ ಅಂತೀರಾ? ಜ್ವರದ ಸಿರಪ್ಪಿಗೆ ಸ್ಟ್ರಾಬೆರಿ ವಾಸನೆ ಇರುತ್ತದೆ. ಏಳಕ್ಕೆ ಒಂದು ಚಮಚ ಕುಡಿಸಿದರೆ ಎಂಟೂವರೆಗೆ ಹಣೆ ತಣ್ಣಗೆ, ಮಗು ಡೇಕೇರಿಗೆ, ತಾಯಿ ಮೀಟಿಂಗಿಗೆ. ಮಧ್ಯಾಹ್ನ ಜ್ವರ ಮತ್ತೆ ಏರುವ ಹೊತ್ತಿಗೆ ತಾಯಿಯ ಫೋನು ಸೈಲೆಂಟು. ನನ್ನ ಗಂಡ ವಾರದಲ್ಲಿ ನಾಲ್ಕು ದಿನ ಊರಲ್ಲಿರುವುದಿಲ್ಲ, ರಜೆ ಹಾಕುವವಳು ನಾನೇ, ಆ ರಜೆಗಳೂ ಮುಗಿಯುತ್ತ ಬಂದಿದ್ದವು. ಇನ್ನೇನು ಮಾಡಲಿ? ಈ ಉಪಾಯ ನಾನೊಬ್ಬಳೇ ಕಂಡುಹಿಡಿದದ್ದೆಂದು ಹೆಮ್ಮೆ ಬೇರೆ. ನಮ್ಮ ಬಿಲ್ಡಿಂಗಿನ ಎಲ್ಲ ತಾಯಂದಿರಿಗೂ ಆ ಹೆಮ್ಮೆ ಇತ್ತಂತೆ!

"ಮುಂಜಾನೆದ್ದು ಸ್ಟ್ರಾಬೆರಿ ತಿನ್ಸಿಯೇನವಾ?"

"ಹೌದ್ರಿ ಕಾಕು, ಜಾಮ್..."

"ಜಾಮ್ ಬ್ರೆಡ್ಡಿಗೆ ಹಚ್ಚತಾರ. ಇದು ಚಮಚದಾಗ ಕೊಟ್ಟದ್ದು. ಔಷಧ ಇಲ್ದ ಒಂದು ಹಗಲು, ಒಂದು ರಾತ್ರಿ ಜ್ವರ ಬರಬಾರದು. ಆಮ್ಯಾಲೆ ಕರಕೊಂಬಾ."

ಕಾಕು, ಅಂದರೆ ಚಿಕ್ಕಮ್ಮ, ಬೆಳಗಾವಿಯವರು; ಡೇಕೇರ್ ಅವರ ಮನೆಯಲ್ಲೇ. ಮರಾಠಿಯವರಿಗೆ ಮರಾಠಿಯಲ್ಲಿ, ನನಗೆ ಕನ್ನಡದಲ್ಲಿ ಬೈಯುತ್ತಾರೆ. ಎರಡೂ ಅಷ್ಟೇ ಹರಿತ.

ನಾನೇನು ಕಡಿಮೆಯವಳೇ? ಧಾರವಾಡದವಳು! ಮುಂದಿನ ಸಲ ಸಿರಪ್ಪಿನ ಮೇಲೆ ರೊಟ್ಟಿ ಚೂರಿಗೆ ಬೆಳ್ಳುಳ್ಳಿ ಚಟ್ನಿ ಹಚ್ಚಿ ತಿನ್ನಿಸಿದೆ. ಪಾಪ, ನಾಲ್ಕು ವರ್ಷದ ಮಗಳು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಳು. ಕಾಕು ಮೂಸಿ ಒಂದು ಹೆಜ್ಜೆ ಹಿಂದೆ ಸರಿದರು.

"ನೆಗಡಿ ಹುಡುಗಿಗೆ ಎಂಟು ಗಂಟೆಕ್ಕ ಬಳ್ಳೊಳ್ಳಿ ಚಟ್ನಿ ತಿನ್ಸಿ ಅಂದ್ರ ಔಷಧ ಕೊಟ್ಟೀ ಅಂತನ ಲೆಕ್ಕ. ನಡಿ ಮನಿಗೆ!"

ಇನ್ನೊಂದು ದಿನ ಮಗಳ ಮೂಗು ಒಂದೇ ಸಮನೆ ಸೋರುತ್ತಿತ್ತು. ಹೇಗೂ ವಾಪಸ್ ಕಳಿಸುತ್ತಾರೆಂದು ನಾನೇ ರಜೆ ಹೇಳಿ, ಸುಮ್ಮನೆ ತಿಳಿಸಿ ಹೋಗಲು ಬಂದೆ. ಕಾಕು ಅವಳನ್ನು ಎಳೆದು ಒಳಗೆ ಹಾಕಿಕೊಂಡರು! "ಜ್ವರ ಇಲ್ಲ, ತಿಂತಾಳ, ಆಡ್ತಾಳ, ಜಗಳಾ ತಗೀತಾಳ. ಮೂಗು ನಾ ಒರಸ್ತೀನಿ, ನೀ ಕೆಲಸಕ್ಕ ಹೋಗು." ರಜೆ ಹಾಳಾಯಿತಲ್ಲ ಎಂದು ರಸ್ತೆಯುದ್ದಕ್ಕೂ ಗೊಣಗಿದೆ.

ಕೊನೆಗೊಮ್ಮೆ ಬಾಗಿಲಲ್ಲೇ ಜಗಳ ತೆಗೆದೆ. "ಔಷಧ ಕೊಟ್ಟರ ಜ್ವರ ಇಳೀತದಲ್ರಿ ಕಾಕು! ಮತ್ತೇನ್ ಮಾಡಬೇಕ್ರಿ?"

"ಜ್ವರ ಔಷಧ ಇಳಸ್ತದ. ಮಗ್ಗಲದಾಗ ಕೂಡೂದು ಯಾರು? ಮನ್ಯಾಗ ಯಾರ ಅದಾರ, ಅದನ್ನ ಹೇಳು."

ಸಿಟ್ಟು ಬಂತು. ಮಗಳ ಕೈ ಹಿಡಿದು ಮನೆಗೆ ನಡೆದೆ.

ಕಳೆದ ಸೋಮವಾರ ಆಫೀಸಿನಲ್ಲಿ ದೊಡ್ಡ ಡೆಮೊ. ಉಳಿದದ್ದು ಒಂದೇ ರಜೆ. ಮಗಳು ಗಟ್ಟಿಮುಟ್ಟಾಗಿದ್ದಳು, ನಾನು ಎಲ್ಲರಿಗಿಂತ ಮೊದಲು ಬಾಗಿಲಲ್ಲಿದ್ದೆ. ಕಾಕು ಮೂಸಲು ಬಗ್ಗಿದರು. ಅಷ್ಟರಲ್ಲಿ ಮಗಳು ಅವರ ಹಾಗೆಯೇ ಅಂಗೈ ತಿರುಗಿಸಿ ಅವರ ಹಣೆಗೆ ಇಟ್ಟಳು.

"ಕಾಕು ಬಿಸಿ ಅದಾರ! ಇವತ್ತ ಒಳಗ ಬಿಡೂದಿಲ್ಲ. ನಡೀರಿ ಮನಿಗೆ!"

"ಇದ ನನ್ನ ಮನಿ ಅಲ್ಲೇನ ಪುಟ್ಟಿ," ಎಂದು ಕಾಕು ನಕ್ಕರು. ನಾನೂ ಮುಟ್ಟಿ ನೋಡಿದೆ. ಸುಡುತ್ತಿತ್ತು.

"ಗುಳಿಗಿ ತಗೊಂಡೀರೇನ್ರಿ?"

"ನಸುಕಿನ್ಯಾಗ ಒಂದು ತಗೊಂಡಿದ್ದೆ," ಎಂದರು, ಸಿಕ್ಕಿಬಿದ್ದವರ ಹಾಗೆ ನೆಲ ನೋಡುತ್ತ. ನಾವೆಲ್ಲ ಮಾಡುವುದನ್ನೇ ಮಾಡಿದ್ದರು! ನಗು ಬಂತು. ಅದೇ ನಗುವಿನಲ್ಲಿ ಅವರದೇ ಧಾಟಿಯಲ್ಲಿ ಕೇಳಿಬಿಟ್ಟೆ: "ಮನ್ಯಾಗ ಯಾರ ಅದಾರ್ರಿ?"

ಕಾಕು ಮಕ್ಕಳ ಚಪ್ಪಲಿ ಇಡುವ ಖಾಲಿ ಗೂಡಿನ ಕಡೆ ನೋಡಿದರು. ಇಷ್ಟು ದಿನ ಕಾಕುವಿಗೆ ಯಾರಿದ್ದಾರೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ, ನಾಚಿಕೆಯಾಯಿತು.

ಪಾಲಕರ ವಾಟ್ಸಾಪ್ ಗುಂಪಿಗೆ ಇವತ್ತು ಡೇಕೇರ್ ಇಲ್ಲವೆಂದು ಹಾಕಿದೆ. ಮ್ಯಾನೇಜರಿಗೆ ಫೋನ್ ಮಾಡಿದೆ. "ಇವತ್ತೇ? ಮಗುವಿಗೆ ಮತ್ತೆ ಜ್ವರವೇ?" ಎಂದು ಅವರು ರೇಗಿದರು.

ಒಳಗೆ ಕಾಕು ಮಕ್ಕಳ ಪುಟ್ಟ ಹಾಸಿಗೆಯಲ್ಲಿ ಮುದುಡಿ ಮಲಗಿದ್ದರು, ಕಾಲು ಮಾತ್ರ ಹೊರಗೆ. ನನ್ನ ಮಗಳು ಒದ್ದೆ ಕರವಸ್ತ್ರ ಹಿಡಿದು ಮಗ್ಗುಲಲ್ಲಿ ಕೂತಿದ್ದಳು.

"ಹೌದು ಸರ್," ಎಂದೆ. "ಮನೆಯಲ್ಲಿ ಯಾರೂ ಇಲ್ಲ. ನಾನೇ ಇರಬೇಕು."